ಹೂಡಿಕೆದಾರರು ವಿದ್ಯಾರ್ಥಿಗಳ ಪಟ್ಟಿ ಕೇಳುತ್ತಿದ್ದಾರೆ, ಕೊಡಬಹುದಾ?

ಪ್ರಶ್ನೆ: ನಾನು ಮತ್ತು ನನ್ನ ತಂಗಿ ಹುಬ್ಬಳ್ಳಿಯಲ್ಲಿ ಪಿಯುಸಿ ಮತ್ತು ಸಿಇಟಿ ಕೋಚಿಂಗ್ ನಡೆಸುತ್ತೇವೆ. 2021ರಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡೆವು. ಇಬ್ಬರೂ ನಿರ್ದೇಶಕರು. ನಮ್ಮದೇ ಆ್ಯಪ್ ಇದೆ, ಸುಮಾರು 9,000 ಮಕ್ಕಳು ಬಳಸುತ್ತಾರೆ. ಈಗ ಬೆಂಗಳೂರಿನ ಹೂಡಿಕೆದಾರರೊಬ್ಬರು ಶೇ 26ರಷ್ಟು ಪಾಲಿಗೆ ದುಡ್ಡು ಹಾಕುತ್ತೇವೆ ಅಂದಿದ್ದಾರೆ. ಅವರ ವಕೀಲರು 14 ಪುಟಗಳ ಪಟ್ಟಿ ಕಳಿಸಿದ್ದಾರೆ. ಅದರಲ್ಲಿ ಎರಡು ಪುಟ ಪೂರ್ತಿ ಡೇಟಾ ಪ್ರೊಟೆಕ್ಷನ್. ಹೆಸರು, ಫೋನ್ ನಂಬರ್ ಸಮೇತ ವಿದ್ಯಾರ್ಥಿಗಳ ಪಟ್ಟಿಯನ್ನೂ ಕೇಳಿದ್ದಾರೆ. 250 ಕೋಟಿ ದಂಡ ಅಂತ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ನಮ್ಮ ಆಡಿಟರ್ ಮತ್ತು ಊರಿನ ವಕೀಲರು ಸಾಕಾ? ಅಥವಾ ಎಲ್ಲಾ ವಿಭಾಗ ಇರುವ ದೊಡ್ಡ ಲಾ ಫರ್ಮ್‌ಗೇ ಹೋಗಬೇಕಾ?

ಉತ್ತರ: ಮೊದಲ ಮಾತು, ವಿದ್ಯಾರ್ಥಿಗಳ ಪಟ್ಟಿ ಕಳಿಸಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಎರಡನೇ ಮಾತು, 250 ಕೋಟಿ ನಿಮ್ಮ ನಿದ್ದೆ ಕೆಡಿಸುವ ಲೆಕ್ಕ ಅಲ್ಲ. ನಿಮ್ಮ ನಿದ್ದೆ ಕೆಡಿಸಬೇಕಾದ ಹಾಳೆ ಇನ್ನೂ ನಿಮ್ಮ ಕೈಗೆ ಬಂದಿಲ್ಲ. ಈ 14 ಪುಟ ಮುಗಿದ ಮೇಲೆ ಷೇರುದಾರರ ಒಪ್ಪಂದ ಅಂತ ಒಂದು ದಪ್ಪ ಕಡತ ಬರುತ್ತದೆ. ಅದರಲ್ಲಿ ಎಲ್ಲೋ ನಡುವೆ ನಾಲ್ಕು ಸಾಲು ಇರುತ್ತದೆ. ಅಲ್ಲಿ ನೀವಿಬ್ಬರೂ ಸ್ವಂತ ಹೆಸರಲ್ಲಿ ಸಹಿ ಹಾಕಬೇಕಾಗುತ್ತದೆ. ವಕೀಲರ ಫೀಸ್ ಕೊಡುವುದಿದ್ದರೆ ಆ ನಾಲ್ಕು ಸಾಲಿಗೆ ಕೊಡಿ.

ದಂಡದ ವಿಷಯ ಮುಗಿಸಿಬಿಡೋಣ. ನೀವು ಓದಿದ್ದು ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಎಲ್ಲರೂ ಡಿಪಿಡಿಪಿ ಅಂತಾರೆ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಮೇಲೆ ಎರಡು ವರ್ಷ ಸುಮ್ನೆ ಕೂತಿತ್ತು. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ದೂರು ಕೇಳಿ ದಂಡ ಹಾಕುವ ಡೇಟಾ ಪ್ರೊಟೆಕ್ಷನ್ ಬೋರ್ಡ್‌ಗೆ ಸಂಬಂಧಿಸಿದ ಭಾಗ ಆಗಲೇ ಜಾರಿಗೆ ಬಂತು. ಆದರೆ ನಿಮ್ಮಂಥ ಕಂಪನಿಯ ಮೇಲಿನ ಮುಖ್ಯ ಹೊಣೆಗಳು, ಅಂದರೆ ಒಪ್ಪಿಗೆ, ನೋಟಿಸ್, ಭದ್ರತೆ, ಮಕ್ಕಳ ಕಲಂ ಎಲ್ಲ, 18 ತಿಂಗಳ ನಂತರ ಜಾರಿಯಾಗುತ್ತವೆ. ಅಂದರೆ 2027ರ ಮೇ ತಿಂಗಳು. ಇಷ್ಟಕ್ಕೆಲ್ಲ ಬುನಾದಿ ಹಾಕಿದ್ದು ನಮ್ಮವರೇ ಒಬ್ಬರು ಅಂತ ಎಷ್ಟು ಜನಕ್ಕೆ ಗೊತ್ತು! ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದರು. ಆ ಅರ್ಜಿಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು.

250 ಕೋಟಿ ಅನ್ನುವುದು ಗರಿಷ್ಠ ಮಿತಿ. ಡೇಟಾ ಕಾಪಾಡಲು ತಕ್ಕಷ್ಟು ಭದ್ರತೆ ಇಡದಿದ್ದರೆ ಅಲ್ಲಿಯವರೆಗೂ ಹಾಕಬಹುದು. ಡೇಟಾ ಸೋರಿದ್ದನ್ನು ತಿಳಿಸದಿದ್ದರೆ 200 ಕೋಟಿವರೆಗೆ, ಮಕ್ಕಳ ಕಲಂ ಮುರಿದರೂ 200 ಕೋಟಿವರೆಗೆ. ಆದರೆ ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ಮತ್ತೆ ಮತ್ತೆ ಮಾಡಿದರಾ, ಸರಿಪಡಿಸಲು ಏನು ಮಾಡಿದರು, ದಂಡ ಹಾಕಿದರೆ ಅವರ ಮೇಲೆ ಏನು ಪರಿಣಾಮ ಅನ್ನುವುದನ್ನೆಲ್ಲ ನೋಡಿಯೇ ಬೋರ್ಡ್ ಮೊತ್ತ ತೀರ್ಮಾನಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಹುಬ್ಬಳ್ಳಿಯ ಕೋಚಿಂಗ್ ಕಂಪನಿಗೂ ಕೋಟಿಗಟ್ಟಲೆ ಜನ ಬಳಸುವ ಆ್ಯಪ್‌ಗೂ ಒಂದೇ ಅಳತೆ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಈ ಕಾಯ್ದೆಯಲ್ಲಿ ಜೈಲು ಇಲ್ಲ. ದಂಡ ಬೀಳುವುದು ಕಂಪನಿಗೆ. ನಿರ್ದೇಶಕರನ್ನು ಬೇರೆಯಾಗಿ ಹಿಡಿದು ದಂಡ ಹಾಕುವ ಕಲಂ ಅದರಲ್ಲಿ ಇಲ್ಲ. ಕಂಪನಿ ಬೇರೆ ವ್ಯಕ್ತಿ, ನೀವು ಬೇರೆ ವ್ಯಕ್ತಿ. ಲಿಮಿಟೆಡ್ ಅಂತ ಹೆಸರಿನ ಕೊನೆಯಲ್ಲಿ ಬರೆದುಕೊಂಡಿದ್ದೇ ಅದಕ್ಕೆ ಅಲ್ವಾ? ನಾನು ಮೇಲೆ ಹೇಳಿದ ಆ ನಾಲ್ಕು ಸಾಲು ಮಾಡುವ ಕೆಲಸ ಏನೆಂದರೆ, ಕಂಪನಿಗೂ ನಿಮಗೂ ನಡುವಿನ ಆ ಗೋಡೆಗೆ ನಿಮ್ಮ ಕೈಯಿಂದಲೇ ಬಾಗಿಲು ಕೊರೆಸುವುದು.

ಅದು ಹೇಗೆ ಅಂತ ಹೇಳುತ್ತೇನೆ. ಒಪ್ಪಂದದಲ್ಲಿ 'ಕಂಪನಿ ಮತ್ತು ಪ್ರವರ್ತಕರು ಈ ಕೆಳಗಿನಂತೆ ಖಾತ್ರಿ ಕೊಡುತ್ತಾರೆ' ಅಂತ ಒಂದು ಪಟ್ಟಿ ಇರುತ್ತದೆ. ಪ್ರವರ್ತಕರು ಅಂದರೆ ಕಂಪನಿ ಕಟ್ಟಿದ ನೀವಿಬ್ಬರು. ವಕೀಲರ ಬಾಯಲ್ಲಿ ಆ ಪಟ್ಟಿ ವಾರಂಟಿ. ಕಂಪನಿಯ ಲೆಕ್ಕಪತ್ರ ಸರಿ ಇದೆ, ತೆರಿಗೆ ಬಾಕಿ ಇಲ್ಲ, ಕೇಸ್ ಇಲ್ಲ, ಹೀಗೆ. ಅದರ ಸಾಲಲ್ಲೇ 'ಕಂಪನಿ ಡೇಟಾ ಸಂರಕ್ಷಣೆಯ ಎಲ್ಲಾ ಕಾನೂನುಗಳನ್ನು ಎಲ್ಲಾ ಕಾಲದಲ್ಲೂ ಸಂಪೂರ್ಣವಾಗಿ ಪಾಲಿಸಿದೆ, ಯಾವತ್ತೂ ಡೇಟಾ ಸೋರಿಕೆ ಆಗಿಲ್ಲ' ಅಂತ ಇರುತ್ತದೆ. ಮುಂದಿನ ಕಲಂ ಇಂಡೆಮ್ನಿಟಿ. ಮೇಲಿನ ಖಾತ್ರಿಯಲ್ಲಿ ಯಾವುದಾದರೂ ಸುಳ್ಳಾದರೆ ಹೂಡಿಕೆದಾರರಿಗೆ ಆದ ನಷ್ಟವನ್ನು ಕಂಪನಿ ಮತ್ತು ಪ್ರವರ್ತಕರು ಒಟ್ಟಾಗಿ ಮತ್ತು ಒಬ್ಬೊಬ್ಬರಾಗಿ ತುಂಬಿಕೊಡಬೇಕು. ಒಬ್ಬೊಬ್ಬರಾಗಿ ಅಂದರೆ ಪೂರ್ತಿ ಮೊತ್ತವನ್ನು ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು. ನಿಮ್ಮ ಮನೆ, ನಿಮ್ಮ ಎಫ್‌ಡಿ ಎಲ್ಲ ಲೆಕ್ಕಕ್ಕೆ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಕ್ಲೈಂಟ್ ಸಹಿ ಹಾಕಿದ ಮೇಲೆ ನನ್ನ ಹತ್ತಿರ ಬಂದರು. ಬೇರೆ ವ್ಯಾಪಾರ, ಊರೂ ಬೇರೆ. 'ಸಂಪೂರ್ಣವಾಗಿ ಪಾಲಿಸಿದೆ' ಅನ್ನುವ ಸಾಲು ತೋರಿಸಿ, ಇದನ್ನು ಓದಿದ್ದಿರಾ ಅಂತ ಕೇಳಿದೆ. 'ಸರ್, ಪುಟ 61ರಲ್ಲಿ ಇತ್ತು. ಅಷ್ಟು ಹೊತ್ತಿಗೆ ಕಾಫಿ ಬಂತು' ಅಂದರು. ನಕ್ಕೆವು. ಆಮೇಲೆ ಅವರ ಕಚೇರಿಗೆ ಹೋದೆ. ರಿಸೆಪ್ಷನ್‌ನ ಕಂಪ್ಯೂಟರಿನಲ್ಲಿ 'ಕಸ್ಟಮರ್ಸ್ ಫೈನಲ್ 2 ನ್ಯೂ' ಅಂತ ಒಂದು ಎಕ್ಸೆಲ್ ಫೈಲ್ ಇತ್ತು. ಪಾಸ್‌ವರ್ಡ್ ಇಲ್ಲ. ಆಧಾರ್ ನಂಬರ್ ಒಂದು ಕಾಲಂ, ಫೋನ್ ನಂಬರ್ ಇನ್ನೊಂದು ಕಾಲಂ. ಅದನ್ನು ಮಾರ್ಕೆಟಿಂಗ್ ಹುಡುಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಆ ಹುಡುಗ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಫೈಲ್ ಅವನ ಫೋನಿನಲ್ಲೇ ಇತ್ತು. ಸಂಪೂರ್ಣವಾಗಿ ಪಾಲಿಸಿದೆ!

ಹಾಗಾದರೆ ಸಹಿ ಹಾಕಲೇಬಾರದಾ? ಹಾಕಿ. ಖಾತ್ರಿ ಕೊಡದೆ ಯಾರೂ ದುಡ್ಡು ಹಾಕುವುದಿಲ್ಲ. ಆದರೆ ಚೌಕಾಸಿ ಮಾಡಿ. 'ನಮಗೆ ತಿಳಿದ ಮಟ್ಟಿಗೆ' ಅನ್ನುವ ಮೂರು ಪದ ಸೇರಿಸಿ. ಮೊತ್ತಕ್ಕೆ ಮಿತಿ ಹಾಕಿ. ಎಷ್ಟು ವರ್ಷದವರೆಗೆ ಕೇಳಬಹುದು ಅಂತ ಬರೆಸಿ. ಮೊದಲು ಕಂಪನಿಯಿಂದ ವಸೂಲಿ, ಅದು ಸಾಲದಿದ್ದರೆ ಮಾತ್ರ ಪ್ರವರ್ತಕರು ಅಂತ ಕ್ರಮ ಇಡಿ. ಇದಕ್ಕೆ ಹೂಡಿಕೆದಾರರ ವಕೀಲರು ತಕ್ಷಣ ಒಂದು ಮಾತು ಹೇಳುತ್ತಾರೆ: ಕಂಪನಿ ಕೊಡುವ ದುಡ್ಡಿನಲ್ಲಿ ಶೇ 26 ನಮ್ಮದೇ, ನಮ್ಮ ಬಲ ಜೇಬಿನಿಂದ ಎಡ ಜೇಬಿಗೆ ಹಾಕಿಕೊಂಡಂತೆ ಆಗುತ್ತದೆ. ಆ ಮಾತಿನಲ್ಲಿ ಸತ್ಯ ಇದೆ. ಅದಕ್ಕೆ ಉತ್ತರ ಪ್ರವರ್ತಕರ ಮಿತಿಯಿಲ್ಲದ ಹೊಣೆ ಅಲ್ಲ. ಮೊತ್ತ ಸ್ವಲ್ಪ ಏರಿಸಿ ಕೊಡುವುದು, ಅಥವಾ ಹೆಚ್ಚುವರಿ ಷೇರು ಕೊಡುವುದು, ಇಂಥ ದಾರಿಗಳಿವೆ.

ಎಲ್ಲಕ್ಕಿಂತ ಮುಖ್ಯ, ಡಿಸ್‌ಕ್ಲೋಷರ್ ಲೆಟರ್. ಖಾತ್ರಿಗೆ ಹೊರತಾದ ವಿಷಯಗಳನ್ನು ಸಹಿಗೆ ಮುಂಚೆಯೇ ಬರೆದು ಕೊಡುವ ಪತ್ರ ಅದು. 'ನಮ್ಮ ಹಳೆಯ ವಿದ್ಯಾರ್ಥಿಗಳಿಂದ ಲಿಖಿತ ಒಪ್ಪಿಗೆ ಪಡೆದಿಲ್ಲ. 2024ರವರೆಗೆ ಅಡ್ಮಿಷನ್ ಪಟ್ಟಿ ಎಕ್ಸೆಲ್‌ನಲ್ಲಿತ್ತು. ಸರ್ವರ್ ಖಾತೆ ಡೆವಲಪರ್ ಹೆಸರಲ್ಲಿದೆ.' ಒಪ್ಪಂದದಲ್ಲಿ ಈ ಪತ್ರಕ್ಕೆ ಜಾಗ ಮಾಡಿಸಿಕೊಂಡು ಹೀಗೆ ಬರೆದು ಕೊಟ್ಟರೆ, ಆ ವಿಷಯಕ್ಕೆ ನಾಳೆ ಖಾತ್ರಿ ಸುಳ್ಳಾಯಿತು ಅಂತ ನಿಮ್ಮ ಕುತ್ತಿಗೆ ಹಿಡಿಯುವುದು ಕಷ್ಟ. ಹೀಗೆ ಹೇಳಿಕೊಂಡರೆ ಹೂಡಿಕೆದಾರರು ಓಡಿಹೋಗುತ್ತಾರೆ ಅಂತ ಎಲ್ಲರಿಗೂ ಭಯ. ನನ್ನ ಅನುಭವದಲ್ಲಿ ಓಡಿಹೋಗುವುದು ಕಡಿಮೆ. ಬೆಲೆ ಸ್ವಲ್ಪ ಎಳೆದಾಡುತ್ತಾರೆ, ಅಥವಾ ದುಡ್ಡು ಹಾಕುವ ಮುಂಚೆ ಇಷ್ಟು ಸರಿಮಾಡಿ ಅಂತ ಷರತ್ತು ಹಾಕುತ್ತಾರೆ.

ಅವರು ಇಷ್ಟು ಕೆದಕುವುದಕ್ಕೂ ಕಾರಣ ಇದೆ. 2016ರಲ್ಲಿ ಅಮೆರಿಕದ ವೆರೈಜನ್ ಕಂಪನಿ ಯಾಹೂವನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಆಮೇಲೆ ಯಾಹೂ ಖಾತೆಗಳ ಹಳೆಯ ಸೋರಿಕೆಗಳು ಬಯಲಾದವು. ಬೆಲೆ 35 ಕೋಟಿ ಡಾಲರ್ ಇಳಿಯಿತು. ಮ್ಯಾರಿಯಟ್ ಹೋಟೆಲ್ ಕಂಪನಿಯ ಕಥೆ ಇನ್ನೂ ಕಹಿ. 2016ರಲ್ಲಿ ಸ್ಟಾರ್‌ವುಡ್ ಹೋಟೆಲ್‌ಗಳನ್ನು ಕೊಂಡಿತು. ಸ್ಟಾರ್‌ವುಡ್‌ನ ಬುಕಿಂಗ್ ವ್ಯವಸ್ಥೆಯೊಳಗೆ 2014ರಿಂದಲೇ ಕಳ್ಳರು ಕೂತಿದ್ದರು. ಗೊತ್ತಾದದ್ದು 2018ರಲ್ಲಿ. 2020ರಲ್ಲಿ ಬ್ರಿಟನ್ನಿನ ಡೇಟಾ ನಿಯಂತ್ರಕರು 1.84 ಕೋಟಿ ಪೌಂಡ್ ದಂಡ ಹಾಕಿದರು, ಮ್ಯಾರಿಯಟ್‌ಗೆ. ಮನೆ ಕೊಂಡವರು ಗೆದ್ದಲನ್ನೂ ಕೊಂಡಂತಾಯಿತು. ಅಲ್ಲಿಂದೀಚೆಗೆ ಕಂಪನಿಗೆ ದುಡ್ಡು ಹಾಕುವವರ ಪಟ್ಟಿಯಲ್ಲಿ ಡೇಟಾ ಪುಟ ಕಾಯಂ ಆಗಿದೆ.

ಅಂದಹಾಗೆ, ಶೇ 26 ಯಾಕೆ, 25 ಯಾಕಲ್ಲ ಅಂತ ಯೋಚಿಸಿದ್ದೀರಾ? ಕಂಪನಿ ಕಾಯ್ದೆಯಲ್ಲಿ ವಿಶೇಷ ನಿರ್ಣಯ, ಅಂದರೆ ದೊಡ್ಡ ವಿಷಯಗಳಿಗೆ ಷೇರುದಾರರು ಮತ ಹಾಕಿ ಮಾಡುವ ತೀರ್ಮಾನ, ಪಾಸಾಗಬೇಕಾದರೆ ಪರವಾದ ಮತ ವಿರೋಧದ ಮತದ ಮೂರು ಪಟ್ಟಾದರೂ ಇರಬೇಕು. 75ಕ್ಕೆ 25 ಇದ್ದರೆ ಪಾಸ್. 74ಕ್ಕೆ 26 ಆದರೆ ಫೇಲ್. ಕಂಪನಿಯ ಆರ್ಟಿಕಲ್ಸ್, ಅಂದರೆ ಅದರ ಒಳಗಿನ ನಿಯಮಾವಳಿ, ತಿದ್ದುವುದಕ್ಕೂ ವಿಶೇಷ ನಿರ್ಣಯವೇ ಬೇಕು. ಆ ಒಂದು ಪರ್ಸೆಂಟ್‌ನಲ್ಲಿ ಅವರಿಗೆ ತಡೆಯುವ ಕೀಲಿ ಸಿಗುತ್ತದೆ. ಕೊಡಬಾರದು ಅಂತಲ್ಲ. ಆ ಕೀಲಿಗೆ ಬೆಲೆ ಇದೆ, ಸುಮ್ನೆ ಕೊಡಬೇಡಿ.

ಈಗ ಪಟ್ಟಿಯ ವಿಷಯ. ನೇರವಾಗಿ ಹೇಳುತ್ತೇನೆ: ಇವತ್ತು ಕಳಿಸಿದರೆ ಹೊಸ ಕಾಯ್ದೆಯಡಿ ದಂಡ ಬೀಳುವುದಿಲ್ಲ, ಆ ಕಲಂಗಳು ಇನ್ನೂ ಜಾರಿಯಾಗಿಲ್ಲ. ಆದರೂ ಬೇಡ. ನಿಮ್ಮ ಆ್ಯಪ್‌ನ ಪ್ರೈವಸಿ ಪಾಲಿಸಿ ತೆಗೆದು ಓದಿ. ಎಲ್ಲಿಂದಲೋ ಕಾಪಿ ಮಾಡಿದ್ದೇ ಆಗಿರಲಿ, 'ನಿಮ್ಮ ಮಾಹಿತಿಯನ್ನು ಮೂರನೆಯವರಿಗೆ ಕೊಡುವುದಿಲ್ಲ' ಅಂತ ಇದ್ದೇ ಇರುತ್ತದೆ. ಅದು ನೀವು ಪೋಷಕರಿಗೆ ಕೊಟ್ಟ ಮಾತು. ಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಂ ಇವತ್ತೂ ಜಾರಿಯಲ್ಲಿದೆ. ಸೇವೆಯ ಒಪ್ಪಂದದಡಿ ಸಿಕ್ಕ ವೈಯಕ್ತಿಕ ಮಾಹಿತಿಯನ್ನು, ಒಪ್ಪಿಗೆ ಇಲ್ಲದೆ, ತಪ್ಪು ಲಾಭ ಅಥವಾ ನಷ್ಟ ಆಗುತ್ತದೆ ಅಂತ ಗೊತ್ತಿದ್ದೂ ಹೊರಗೆ ಕೊಟ್ಟರೆ 25 ಲಕ್ಷ ರೂಪಾಯಿವರೆಗೆ ದಂಡ. ನಿಮ್ಮ ಸಂದರ್ಭ ಅಷ್ಟಕ್ಕೆ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಮಾತುಕತೆ ಮುರಿದುಬಿದ್ದು, ಅದೇ ಹೂಡಿಕೆದಾರರು ಧಾರವಾಡದ ಇನ್ನೊಂದು ಕೋಚಿಂಗ್‌ಗೆ ದುಡ್ಡು ಹಾಕಿದರು ಅಂತಿಟ್ಟುಕೊಳ್ಳಿ. 9,000 ಫೋನ್ ನಂಬರ್ ಅವರ ಹತ್ತಿರ ಇದೆ. ಏನು ಮಾಡುತ್ತೀರಿ?

ಅವರ ವಕೀಲರು 'ಕಂಪನಿಗಳ ವ್ಯವಹಾರಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆಯಲ್ಲ' ಅನ್ನಬಹುದು. ಇದೆ, 17ನೇ ಕಲಂನಲ್ಲಿ. ಆದರೆ ಅದು ಕೋರ್ಟ್, ಟ್ರಿಬ್ಯೂನಲ್ ಅಥವಾ ಅಧಿಕಾರ ಇರುವ ಪ್ರಾಧಿಕಾರ ಒಪ್ಪಿದ ವಿಲೀನ, ವಿಭಜನೆ ಇತ್ಯಾದಿಗಳಿಗೆ. ನಿಮ್ಮದು ಸಾದಾ ಷೇರು ಹಂಚಿಕೆ. ಆ ಬಾಗಿಲಿನಿಂದ ಒಳಗೆ ಬರಲಾಗುವುದಿಲ್ಲ.

ಹೂಡಿಕೆದಾರರಿಗೆ ನಿಜವಾಗಿ ಬೇಕಾದದ್ದು ಹೆಸರಲ್ಲ. 9,000 ಅನ್ನುವುದು ಸತ್ಯವಾ, ಎಷ್ಟು ಜನ ಫೀಸ್ ಕಟ್ಟಿದ್ದಾರೆ, ಎಷ್ಟು ಜನ ಎರಡನೇ ವರ್ಷವೂ ಉಳಿದಿದ್ದಾರೆ, ಅಷ್ಟೇ. ಹೆಸರು, ನಂಬರ್ ತೆಗೆದು ಬರೀ ಕ್ರಮಸಂಖ್ಯೆ, ಊರು, ಕೋರ್ಸ್, ಫೀಸ್ ಇರುವ ಪಟ್ಟಿ ಕೊಡಿ. ನಂಬಿಕೆ ಇಲ್ಲ ಅಂದರೆ ನಿಮ್ಮ ಕಚೇರಿಗೆ ಅವರ ಆಡಿಟರ್ ಬರಲಿ, ನಿಮ್ಮ ಪರದೆಯ ಮೇಲೆ ಅವರು ಆರಿಸಿದ 50 ರಸೀದಿಗಳನ್ನು, ಹೆಸರು ಮರೆಮಾಡಿ, ತಾಳೆ ನೋಡಲಿ. ಫೋಟೋ ಇಲ್ಲ, ಪೆನ್‌ಡ್ರೈವ್ ಇಲ್ಲ. ಇಷ್ಟು ಬರೆದು ಕಳಿಸಿದರೆ ಅವರ ವಕೀಲರೇ ಒಳಗೊಳಗೆ ಮೆಚ್ಚಿಕೊಳ್ಳುತ್ತಾರೆ. ಡೇಟಾ ಪುಟದ ಅರ್ಧ ಉತ್ತರ ಅಲ್ಲಿಗೆ ಸಿಕ್ಕಿತು.

ನಿಮ್ಮ ವ್ಯಾಪಾರದ ನಿಜವಾದ ಮುಳ್ಳು ಬೇರೆ ಇದೆ. ನಿಮ್ಮ ವಿದ್ಯಾರ್ಥಿಗಳು 16-17 ವರ್ಷದವರು. ಈ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಡೇಟಾ ಬಳಸಲು ಪೋಷಕರ ಒಪ್ಪಿಗೆ ಬೇಕು, ಒಪ್ಪಿದ್ದು ನಿಜವಾಗಿಯೂ ಪೋಷಕರೇ ಅಂತ ಖಚಿತಪಡಿಸಿಕೊಳ್ಳಲೂ ಬೇಕು. ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಪಾಠದ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಗಾಗಿ ನಿಗಾ ಇಡಲು ನಿಯಮಗಳಲ್ಲಿ ವಿನಾಯಿತಿ ಇದೆ. ಕೋಚಿಂಗ್ ಸೆಂಟರ್ ಕೂಡ ಶಿಕ್ಷಣ ಸಂಸ್ಥೆಯೇ ಅಂತ ವಾದ ಮಾಡಬಹುದು. ಒಳ್ಳೆಯ ವಾದವೇ. ಆದರೆ ನಾನಾದರೆ ಆ ವಾದದ ಮೇಲೆ ಕಂಪನಿ ಕಟ್ಟುವುದಿಲ್ಲ. ಹೇಗಿದ್ದರೂ ಅಡ್ಮಿಷನ್ ದಿನ ಅಪ್ಪನೋ ಅಮ್ಮನೋ ಎದುರಿಗೇ ಕೂತಿರುತ್ತಾರೆ. ಅಲ್ಲೇ, ಅವರ ಫೋನಿಗೇ ಓಟಿಪಿ ಕಳಿಸಿ ಒಪ್ಪಿಗೆ ತೆಗೆದುಕೊಳ್ಳಿ. ಗುರುತನ್ನೂ ಆಗಲೇ ನೋಡಿಕೊಳ್ಳಿ. ಸೆಕೆಂಡ್ ಪಿಯುಸಿ ಮಧ್ಯದಲ್ಲೇ ಹಲವರಿಗೆ 18 ತುಂಬುತ್ತದೆ. ಅವತ್ತಿನಿಂದ ಒಪ್ಪಿಗೆ ಅವರದೇ, ಅಪ್ಪನದಲ್ಲ. ಹುಟ್ಟಿದ ದಿನಾಂಕ ನೋಡಿ ಅವತ್ತು ಅವರಿಗೇ ಒಂದು ಪ್ರಶ್ನೆ ಹೋಗುವಂತೆ ಆ್ಯಪ್‌ನಲ್ಲಿ ಮಾಡಿಸಿ. ಇದನ್ನು ಕೇಳಿದಾಗ ಡೆವಲಪರ್‌ಗಳು ತಲೆ ಕೆರೆದುಕೊಳ್ಳುತ್ತಾರೆ, ಆದರೆ ದೊಡ್ಡ ಕೆಲಸವೇನಲ್ಲ.

ರಿಸಲ್ಟ್ ಬಂದ ಮರುದಿನ ಹುಬ್ಬಳ್ಳಿಯ ಸರ್ಕಲ್‌ಗಳಲ್ಲಿ ಟಾಪರ್‌ಗಳ ಫ್ಲೆಕ್ಸ್ ಏಳುತ್ತವಲ್ಲ, ಅದಕ್ಕೂ ನಿಯಮ ಇದೆ, ಅದು ಈಗಾಗಲೇ ಜಾರಿಯಲ್ಲೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿಯ ಹೆಸರು, ಫೋಟೋ ಬಳಸಲು ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಆಯ್ಕೆಯಾದ ನಂತರವೇ ಪಡೆದಿರಬೇಕು. ಅಡ್ಮಿಷನ್ ಫಾರಂನಲ್ಲೇ ಸಣ್ಣ ಅಕ್ಷರದಲ್ಲಿ ಬರೆಸಿಕೊಂಡರೆ ನಡೆಯುವುದಿಲ್ಲ.

ಇನ್ನು ನೋಟಿಸ್, ಅಂದರೆ ಯಾವ ಡೇಟಾ, ಯಾಕೆ ತೆಗೆದುಕೊಳ್ಳುತ್ತೀರಿ ಅಂತ ತಿಳಿಸುವ ಬರಹ. ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಷೆಡ್ಯೂಲ್‌ನ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು. ಅಂದರೆ ಕನ್ನಡದ್ದು ನಿಮಗೆ ಬೇಕೇ ಬೇಕು. ದಯವಿಟ್ಟು ಇಂಗ್ಲಿಷ್ ಪಾಲಿಸಿಯನ್ನು ಯಂತ್ರಕ್ಕೆ ಹಾಕಿ ಕನ್ನಡ ಮಾಡಿಸಬೇಡಿ. ಅದನ್ನು ಯಾರೂ ಓದಲಾರರು. ಹೀಗಿದ್ದರೆ ಸಾಕು:

'ನಿಮ್ಮ ಮಗ ಅಥವಾ ಮಗಳ ಹೆಸರು, ಹುಟ್ಟಿದ ದಿನಾಂಕ, ಕಾಲೇಜು ಮತ್ತು ನಿಮ್ಮ ಮೊಬೈಲ್ ನಂಬರ್ ತೆಗೆದುಕೊಳ್ಳುತ್ತಿದ್ದೇವೆ. ಪಾಠ, ಹಾಜರಿ, ಟೆಸ್ಟ್ ಅಂಕ ಮತ್ತು ಫೀಸ್ ವಿಷಯಕ್ಕೆ ಮಾತ್ರ ಬಳಸುತ್ತೇವೆ. ಮುಂದೆ ಬೇಡ ಅನಿಸಿದರೆ ಆ್ಯಪ್‌ನಲ್ಲಿ ಒಪ್ಪಿಗೆ ವಾಪಸ್ ಅನ್ನುವುದನ್ನು ಒತ್ತಿ. ದೂರು ಇದ್ದರೆ ಈ ನಂಬರ್‌ಗೆ ಬರೆಯಿರಿ. ನಮ್ಮಿಂದ ಪರಿಹಾರ ಸಿಗದಿದ್ದರೆ ಡೇಟಾ ಪ್ರೊಟೆಕ್ಷನ್ ಬೋರ್ಡ್‌ಗೆ ದೂರು ಕೊಡಬಹುದು.'

ಇದನ್ನು ಅಡ್ಮಿಷನ್ ಷರತ್ತುಗಳ ಜೊತೆ ಕಲಸಬೇಡಿ, ಬೇರೆಯಾಗಿಯೇ ಇರಬೇಕು. ನಿಮ್ಮ ಆ್ಯಪ್ ಫೋನಿನ ಕಾಂಟ್ಯಾಕ್ಟ್ ಪಟ್ಟಿ ನೋಡಲು ಅನುಮತಿ ಕೇಳುತ್ತಿದೆಯಾ ಅಂತ ಪರೀಕ್ಷಿಸಿ. ಫಿಸಿಕ್ಸ್ ಪಾಠಕ್ಕೂ ಅಮ್ಮನ ಫೋನಿನಲ್ಲಿರುವ ನಂಬರ್‌ಗಳಿಗೂ ಏನು ಸಂಬಂಧ? ಬೇಡದ ಡೇಟಾಕ್ಕೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುವುದಕ್ಕೆ ಕಾಯ್ದೆಯೇ ಇಂಥದ್ದೊಂದು ಉದಾಹರಣೆ ಕೊಟ್ಟಿದೆ.

ಹಳೆಯ ವಿದ್ಯಾರ್ಥಿಗಳ ಡೇಟಾ ಅಳಿಸಬೇಕಾ ಅಂತ ಮುಂದೆ ಕೇಳುತ್ತೀರಿ. ಉದ್ದೇಶ ಮುಗಿದ ಮೇಲೆ ಅಳಿಸಬೇಕು, ಬೇರೆ ಕಾನೂನು ಇಟ್ಟುಕೊಳ್ಳಿ ಅನ್ನದಿದ್ದರೆ. ಕಂಪನಿ ಕಾಯ್ದೆ ಲೆಕ್ಕದ ಪುಸ್ತಕ, ವೋಚರ್‌ಗಳನ್ನು ಎಂಟು ಹಣಕಾಸು ವರ್ಷ ಇಟ್ಟುಕೊಳ್ಳಿ ಅನ್ನುತ್ತದೆ. ಹಾಗಾಗಿ ಫೀಸ್ ರಸೀದಿ ಇರಲಿ. 2021ರ ಬ್ಯಾಚ್‌ನ ಟೆಸ್ಟ್ ಅಂಕ, ಫೋಟೋ, ಅಮ್ಮಂದಿರ ಜೊತೆಗಿನ ಚಾಟ್ ಯಾಕೆ ಬೇಕು? ಕಾಗದದ ವಿಷಯ ವಿಚಿತ್ರ. ಈ ಕಾಯ್ದೆ ಇರುವುದು ಡಿಜಿಟಲ್ ಡೇಟಾಕ್ಕೆ, ಅಥವಾ ಕಾಗದದಿಂದ ಕಂಪ್ಯೂಟರಿಗೆ ಏರಿಸಿದ ಡೇಟಾಕ್ಕೆ. ಒಮ್ಮೆ ನಾನು ಮಿರ್ಚಿ ಭಜಿ ಕಟ್ಟಿಸಿಕೊಂಡ ಹಾಳೆ ಯಾವುದೋ ಕಾಲೇಜಿನ ಅರ್ಜಿ. ಹುಡುಗಿಯ ಫೋಟೋ, ಅಪ್ಪನ ಸಂಬಳ, ಮನೆ ವಿಳಾಸ ಎಲ್ಲ ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಬರೀ ಆ ಹಾಳೆಯ ಮೇಲೆ ಡಿಪಿಡಿಪಿ ಕೇಸ್ ಹಾಕುವುದು ಕಷ್ಟ. ಆದರೂ ರದ್ದಿಗೆ ಹಾಕುವ ಮುಂಚೆ ನಿಮ್ಮ ಫಾರಂಗಳನ್ನು ಹರಿದು ಹಾಕಿ.

ಕೊನೆಗೆ ನಿಮ್ಮ ಮೂಲ ಪ್ರಶ್ನೆ, ಯಾವ ವಕೀಲರು? ಷೇರು ಹಂಚಿಕೆಯ ಫೈಲಿಂಗ್, ನಿಮ್ಮ ಕಂಪನಿ ಬೋರ್ಡ್‌ನ ನಿರ್ಣಯ, ದುಡ್ಡು ಬಂದ 60 ದಿನದೊಳಗೆ ಅಲಾಟ್‌ಮೆಂಟ್, ಅದಾದ 15 ದಿನದೊಳಗೆ ಷೇರು ಹಂಚಿದ್ದನ್ನು ತಿಳಿಸುವ ಪಿಎಎಸ್-3 ಫಾರಂ, ಇದೆಲ್ಲ ಕಂಪನಿ ಸೆಕ್ರೆಟರಿ ಕೆಲಸ, ಹುಬ್ಬಳ್ಳಿಯಲ್ಲೇ ಆಗುತ್ತದೆ. ಲೆಕ್ಕ ನಿಮ್ಮ ಆಡಿಟರ್‌ರದು. ಆದರೆ ತಪ್ಪುಗಳ ಬಗ್ಗೆ ಮನಬಿಚ್ಚಿ ಮಾತಾಡುವುದು ವಕೀಲರ ಹತ್ತಿರ ಇರಲಿ. ಅವರಿಗೆ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ, ಆಡಿಟರ್‌ಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ.

ಎಲ್ಲಾ ವಿಭಾಗ ಇರುವ ದೊಡ್ಡ ಫರ್ಮ್‌ನ ಲಾಭ ಒಂದೇ. ಷೇರು ಒಪ್ಪಂದ ಬರೆಯುವವರೂ ಡೇಟಾ ಕಾನೂನು ನೋಡುವವರೂ ಒಂದೇ ಸೂರಿನಡಿ ಇರುತ್ತಾರೆ. ನಿಮ್ಮ ಕೇಸ್‌ನಲ್ಲಿ ಇವೆರಡು ಸೇರುವುದೇ ಆ ನಾಲ್ಕು ಸಾಲಿನಲ್ಲಿ. ಕಂಪನಿ ವಕೀಲರಿಗೆ ಮಕ್ಕಳ ಕಲಂ ಗೊತ್ತಿಲ್ಲದಿದ್ದರೆ 'ಸಂಪೂರ್ಣವಾಗಿ ಪಾಲಿಸಿದೆ' ಅನ್ನುವುದು ಅವರ ಕಣ್ಣಿಗೆ ಮಾಮೂಲಿ ಸಾಲು. ಡೇಟಾ ವಕೀಲರಿಗೆ ಇಂಡೆಮ್ನಿಟಿ ಗೊತ್ತಿಲ್ಲದಿದ್ದರೆ 40 ಪುಟದ ಸುಂದರ ಪಾಲಿಸಿ ಬರೆದುಕೊಡುತ್ತಾರೆ, ನಿಮ್ಮ ಮನೆ ಮಾತ್ರ ಒತ್ತೆಯಲ್ಲೇ ಇರುತ್ತದೆ. ಎರಡೂ ಬಲ್ಲ ಇಬ್ಬರು ಮೂವರ ಸಣ್ಣ ಫರ್ಮ್ ಸಿಕ್ಕರೂ ಸಾಕು, ಬೆಂಗಳೂರಿನಲ್ಲಿ ಅಂಥವರಿದ್ದಾರೆ. ವೆಬ್‌ಸೈಟ್ ನೋಡಿ ಅಳೆಯಬೇಡಿ. ವಕೀಲರು ಜಾಹೀರಾತು ಮಾಡಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಫರ್ಮ್‌ಗಳ ವೆಬ್‌ಸೈಟ್ ತೆರೆದ ಕೂಡಲೇ 'ನಾನೇ ಮಾಹಿತಿ ಹುಡುಕಿಕೊಂಡು ಬಂದಿದ್ದೇನೆ' ಅಂತ ಒಪ್ಪಿಸಿಕೊಳ್ಳುವ ಪೆಟ್ಟಿಗೆ ಬರುವುದೇ ಅದಕ್ಕೆ.

ಬದಲಿಗೆ ಕೇಳಿ: ನನ್ನ ಕಡತ ಓದುವವರು ಯಾರು, ಈ ಮೀಟಿಂಗ್‌ನಲ್ಲಿ ಕೂತಿರುವ ಪಾರ್ಟ್ನರ್ರೋ, ಕಳೆದ ತಿಂಗಳು ಸೇರಿದ ಜೂನಿಯರ್ರೋ? ಗಂಟೆಗೆ ಫೀಸಾ, ಒಟ್ಟು ಕೆಲಸಕ್ಕಾ? ಈ ಹೂಡಿಕೆದಾರರಿಗೆ ನೀವು ಹಿಂದೆ ಕೆಲಸ ಮಾಡಿದ್ದೀರಾ? ವಾರಂಟಿ, ಇಂಡೆಮ್ನಿಟಿ ಮತ್ತು ಡಿಸ್‌ಕ್ಲೋಷರ್ ಲೆಟರ್ ಇಷ್ಟಕ್ಕೆ ಮಾತ್ರ ಎಷ್ಟು? ಕೊನೆಯ ಪ್ರಶ್ನೆಗೆ ಬರುವ ಮೊತ್ತ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರಬಹುದು. ಟರ್ಮ್ ಶೀಟ್, ಅಂದರೆ ಹೂಡಿಕೆಯ ಮುಖ್ಯ ಷರತ್ತುಗಳ ಹಾಳೆ, ಮತ್ತೊಮ್ಮೆ ಓದಿ. ಹೂಡಿಕೆದಾರರ ವಕೀಲರ ಫೀಸನ್ನೂ ಕಂಪನಿಯೇ ಕೊಡಬೇಕು ಅಂತ ಎಷ್ಟೋ ಸಲ ಇರುತ್ತದೆ. ಇದ್ದರೆ ಮಿತಿ ಹಾಕಿಸಿ. ಬಿಲ್ ನೀವು ಕಟ್ಟಿದರೂ ಅವರು ನಿಮ್ಮ ವಕೀಲರಲ್ಲ ಅನ್ನುವುದು ನೆನಪಿರಲಿ. ಫೋನಿನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ, 'ನೀವೇನು ಹೇಳ್ತೀರಿ ಸರ್' ಅಂತ ಅವರನ್ನೇ ಕೇಳಬೇಡಿ.

ಡೇಟಾ ಸೋರಿದರೆ ಏನು ಮಾಡಬೇಕು ಅನ್ನುವುದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕು ಅನ್ನುವ ಆದೇಶ 2022ರಿಂದಲೇ ಇದೆ. 2027ರ ಮೇ ನಂತರ ಬೋರ್ಡ್‌ಗೂ ಪೋಷಕರಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಬೋರ್ಡ್‌ಗೆ ವಿವರವಾದ ವರದಿ ಕೊಡಬೇಕು. ಭಾನುವಾರ ರಾತ್ರಿ ಫೋನ್ ಎತ್ತುವವರ ಹೆಸರು ಆ ಹಾಳೆಯಲ್ಲಿರಲಿ.

ಇವತ್ತೇ ಮಾಡಬಹುದಾದ, ಒಂದು ರೂಪಾಯಿಯೂ ಖರ್ಚಿಲ್ಲದ ಕೆಲಸ ಒಂದಿದೆ. ಆ್ಯಪ್ ಮಾಡಿಕೊಟ್ಟ ಡೆವಲಪರ್‌ಗೆ ಫೋನ್ ಮಾಡಿ, ಸರ್ವರ್‌ನ ಮುಖ್ಯ ಖಾತೆ ಯಾರ ಇಮೇಲ್‌ನಲ್ಲಿದೆ ಅಂತ ಕೇಳಿ. ಅವರದೇ ಜಿಮೇಲ್‌ನಲ್ಲಿದ್ದರೆ ಕಂಪನಿ ಹೆಸರಿಗೆ ಮಾಡಿಸಿಕೊಳ್ಳಿ. ಅವರು ನಿಮ್ಮ ಉದ್ಯೋಗಿ ಅಲ್ಲ, ಹೊರಗಿನವರು ಅಂದರೆ ಕೋಡ್‌ನ ಕಾಪಿರೈಟ್ ಕೂಡ ಬಹುಶಃ ಇನ್ನೂ ಅವರದೇ, ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ. ಬರೆಸಿಕೊಂಡರೆ ಮಾತ್ರ ನಿಮ್ಮದಾಗುತ್ತದೆ. ಹೂಡಿಕೆ ಬರುತ್ತಿದೆ ಅನ್ನುವ ಸುದ್ದಿ ಅವರಿಗೆ ಮುಟ್ಟುವ ಮುಂಚೆ ಬರೆಸಿಕೊಂಡರೆ ಕಡಿಮೆಯಲ್ಲಿ ಮುಗಿಯುತ್ತದೆ.